ಬೀದಿಗೊಪ್ಪುವ ಮರ

ಜೂನ್ 5 ಬಂತೆಂದರೆ ಶಾಲೆಗಳಲ್ಲಿ ಒಂದು ಪುಟ್ಟ ಹಬ್ಬ, ವಿಶ್ವ ಪರಿಸರ ದಿನ. ಪ್ರಾರ್ಥನೆ, ಭಾಷಣ, ಚಿತ್ರಕಲಾ ಸ್ಪರ್ಧೆ ಎಲ್ಲ ಮುಗಿದ ಮೇಲೆ ಮಕ್ಕಳ ಕೈಗೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿರುವ ಒಂದೊಂದು ಸಸಿ ಬರುತ್ತದೆ. ಸಂಜೆ ಅದು ಮನೆಗೆ ಬರುತ್ತದೆ. ವಿಜಯನಗರದ 30X40 ನಿವೇಶನದಲ್ಲಿ ಮೂರು ಅಂತಸ್ತು ಎದ್ದ ಮೇಲೆ ಕಾಂಪೌಂಡಿನೊಳಗೆ ಅಂಗೈಯಗಲ ಮಣ್ಣೂ ಉಳಿದಿರುವುದಿಲ್ಲ. ಗೇಟಿನ ಹೊರಗೆ ನೆಡೋಣ ಎನ್ನುತ್ತಾನೆ ಮಗ. ಅದು ಯಾವ ಗಿಡವೋ ಎಂದು ಅಪ್ಪ ಕೇಳಿದರೆ ಅವನಿಗೆ ಗೊತ್ತಿಲ್ಲ. ಹಂಚಿದ ಮೇಷ್ಟರಿಗೂ ಗೊತ್ತಿರಲಿಕ್ಕಿಲ್ಲ. ಗಿಡ ಹಂಚಿದ್ದಷ್ಟೇ ಲೆಕ್ಕಕ್ಕೆ ಬರುತ್ತದೆ, ಯಾವ ಗಿಡ ಎಂಬುದು ವರದಿಯಲ್ಲಿ ಇರುವುದಿಲ್ಲ.

ಆದರೆ ಅಪ್ಪ ಕೇಳಿದ ಪ್ರಶ್ನೆ ಸಣ್ಣದಲ್ಲ. ಇಂದು ಮೊಣಕಾಲೆತ್ತರದ ಆ ಸಸಿ, ಮಗ ಕಾಲೇಜು ಮುಗಿಸುವ ಹೊತ್ತಿಗೆ ವಿದ್ಯುತ್ ತಂತಿಯನ್ನು ಮುಟ್ಟುತ್ತದೆ. ಅವನಿಗೆ ಮಕ್ಕಳಾಗುವ ಹೊತ್ತಿಗೆ ಬೀದಿಯ ಮೇಲೆಲ್ಲ ಹರಡಿರುತ್ತದೆ, ಇಲ್ಲವೇ ಒಂದು ಮಳೆಗಾಲದ ರಾತ್ರಿ ಯಾರದೋ ಕಾರಿನ ಮೇಲೆ ಮಲಗಿರುತ್ತದೆ. ಇವೆರಡರಲ್ಲಿ ಯಾವುದು ಎಂಬುದು ಬಹುಮಟ್ಟಿಗೆ ನೆಡುವ ದಿನವೇ ತೀರ್ಮಾನವಾಗುತ್ತದೆ.

2024ರ ಜೂನ್ 2ರ ಸಂಜೆಯನ್ನು ಬೆಂಗಳೂರಿನವರು ಮರೆತಿರಲಾರರು. ಒಂದೇ ದಿನ 111 ಮಿಲಿಮೀಟರ್ ಮಳೆ. ಜೂನ್ ತಿಂಗಳಿನ ಮಟ್ಟಿಗೆ 133 ವರ್ಷಗಳ ಹಿಂದಿನ, ಅಂದರೆ 1891ರ ದಾಖಲೆ ಮುರಿದ ಮಳೆ ಅದು. ಊರಿನ ತುಂಬ ಮರಗಳು ಬುಡಮೇಲಾದವು, ಕೊಂಬೆಗಳು ಮುರಿದು ಬಿದ್ದವು. ಅಂಥ ಮಳೆಯ ಮರುದಿನ ಬಡಾವಣೆಯ ಜನ ಆಡುವ ಮಾತು ಸಾಮಾನ್ಯವಾಗಿ ಒಂದೇ: 'ಮನೆ ಮುಂದೆ ಮರ ಇದ್ದರೆ ಅಪಾಯ, ಕಡಿಸಿಬಿಡಬೇಕು.' ಈ ಮಾತಿಗೆ ಕಾರಣವಿಲ್ಲದೆ ಇಲ್ಲ. ಕೊಂಬೆ ಬಿದ್ದು ದ್ವಿಚಕ್ರ ಸವಾರರು ಪ್ರಾಣ ಕಳೆದುಕೊಂಡ ಸುದ್ದಿ ಹೆಚ್ಚುಕಡಿಮೆ ಪ್ರತಿ ವರ್ಷವೂ ಬರುತ್ತದೆ. ಶಾಲೆಗೆ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವ ತಾಯಿಗೆ ಮರದ ಕೆಳಗೆ ಹೋಗುವಾಗ ಎದೆ ಝಲ್ಲೆನ್ನುವುದು ಸಹಜವೇ.

ಹಾಗೆಂದು ಮರವೇ ಬೇಡವೆಂದರೆ ಕಳೆದುಕೊಳ್ಳುವುದು ಏನನ್ನು? ಇದಕ್ಕೂ ಅಳತೆ ಇದೆ. ಬೆಂಗಳೂರಿನ ಬೀದಿಮರಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಮಧ್ಯಾಹ್ನದ ಹೊತ್ತು ಮರಗಳಿರುವ ರಸ್ತೆಯ ಗಾಳಿ ಮರವಿಲ್ಲದ ರಸ್ತೆಯ ಗಾಳಿಗಿಂತ 5.6 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿತ್ತು. ಡಾಂಬರಿನ ಮೇಲ್ಮೈಯಲ್ಲಂತೂ ವ್ಯತ್ಯಾಸ 27.5 ಡಿಗ್ರಿಯವರೆಗೂ ಇತ್ತು. ಏಪ್ರಿಲ್ ತಿಂಗಳಲ್ಲಿ ಮೂರೂವರೆ ಗಂಟೆಗೆ ಶಾಲೆ ಬಿಟ್ಟು ನಡೆದು ಬರುವ ಮಗುವಿನ ತಲೆಗೆ ಮೊದಲ ಅಂಕಿ, ಪಾದಕ್ಕೆ ಎರಡನೆಯದು! ಹರಿಣಿ ನಾಗೇಂದ್ರ ಹಾಗೂ ದಿವ್ಯಾ ಗೋಪಾಲ್ 2010ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಮತ್ತೊಂದು ಸಂಗತಿಯನ್ನು ಎತ್ತಿ ತೋರಿಸಿತ್ತು. ದೊಡ್ಡ ಮರಗಳು ಹೆಚ್ಚಾಗಿರುವುದು ಅಗಲವಾದ ರಸ್ತೆಗಳಲ್ಲಿ. ಜನ ಒತ್ತೊತ್ತಾಗಿ ಬದುಕುವ ಕಿರಿದಾದ ಬೀದಿಗಳಲ್ಲಿ ಮರಗಳೂ ಕಡಿಮೆ, ಇರುವವೂ ಚಿಕ್ಕವು. ನೆರಳು ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಮರ ಬೇಕೋ ಬೇಡವೋ ಎಂಬುದಲ್ಲ, ಈ ಬೀದಿಗೆ ಯಾವ ಮರ ಎಂಬುದು.

ಮಾಗಡಿ ರಸ್ತೆಯಲ್ಲಿ ಹಾಗೇ ಪಶ್ಚಿಮಕ್ಕೆ ಹೋಗುತ್ತಿದ್ದರೆ ಮಾಗಡಿ ತಾಲ್ಲೂಕಿನ ಕುದೂರು ಹೋಬಳಿ ಸಿಗುತ್ತದೆ. ಅಲ್ಲಿಯ ಹುಲಿಕಲ್ಲಿನಿಂದ ಕುದೂರಿನವರೆಗೆ ನಾಲ್ಕೈದು ಕಿಲೋಮೀಟರ್ ಉದ್ದಕ್ಕೂ ಆಲದ ಸಾಲು. ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಸೇರಿ ಬೆಳೆಸಿದ 385 ಆಲದ ಮರಗಳು. ಕೊಡದಲ್ಲಿ ನೀರು ಹೊತ್ತು ಹಾಕಿ, ದನ ಮೇಯದಂತೆ ಮುಳ್ಳುಬೇಲಿ ಕಟ್ಟಿ, ಮಳೆಗಾಲದ ಆರಂಭ ನೋಡಿಕೊಂಡು ನೆಟ್ಟವು. 2019ರಲ್ಲಿ ಪದ್ಮಶ್ರೀ ಪಡೆದ ತಿಮ್ಮಕ್ಕ 2025ರ ನವೆಂಬರ್ 14ರಂದು 114ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಥೆ ಪಠ್ಯಪುಸ್ತಕಗಳಲ್ಲೂ ಬಂದಿರುವುದರಿಂದ ಮಕ್ಕಳಿಗೆ ಸಾಲುಮರವೆಂದರೆ ಆಲವೇ ನೆನಪಾಗುವುದು ಸ್ವಾಭಾವಿಕ.

ಆದರೆ ತಿಮ್ಮಕ್ಕ ಆಲವನ್ನು ನೆಟ್ಟದ್ದು ಎಲ್ಲಿ ಎಂಬುದನ್ನು ಗಮನಿಸಬೇಕು. ಎರಡೂ ಕಡೆ ಹೊಲ, ತೆರೆದ ಮಣ್ಣು, ಬೇರಿಗೆ ಬೇಕಾದಷ್ಟು ಜಾಗ. ಅಲ್ಲಿಗೆ ಅದು ಸರಿಯಾದ ಮರ. ಇತ್ತ ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಒಳಗೆ ಹೋದರೆ ಸಿಗುವ ಕೇತೋಹಳ್ಳಿಯ ದೊಡ್ಡ ಆಲದ ಮರವನ್ನು ನೋಡಿದವರಿಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಸುಮಾರು 400 ವರ್ಷದ್ದೆಂದು ಹೇಳುವ ಆ ಮರ ಬಿಳಲು ಬಿಟ್ಟು ಬಿಟ್ಟು ಮೂರು ಎಕರೆಯಷ್ಟು ಹರಡಿದೆ. ಮೂರು ಎಕರೆ ಬೇಡುವ ಜೀವಿಯನ್ನು ತಂದು ಕಮಲಾನಗರದ ಅಡ್ಡರಸ್ತೆಯ ಮೂರಡಿ ಕಾಲುದಾರಿಯಲ್ಲಿ ನಿಲ್ಲಿಸಿದರೆ ಅದು ತಾನೆ ಏನು ಮಾಡೀತು? ಚರಂಡಿ ಒಡೆಯುತ್ತದೆ, ಕಾಂಪೌಂಡ್ ಸೀಳುತ್ತದೆ. ಕೊನೆಗೆ ಕೊಡಲಿ ಬೀಳುವುದು ಮರಕ್ಕೇ, ಅದನ್ನು ಅಲ್ಲಿ ನೆಟ್ಟ ಕೈಗಲ್ಲ.

ರಾಜಾಜಿನಗರ 1949ರಲ್ಲಿ ಶುರುವಾದ ಬಡಾವಣೆ. ಯೋಜನೆ ಹಾಕಿ ಕಟ್ಟಿದ್ದಾದ್ದರಿಂದ ಇಲ್ಲಿನ ಮುಖ್ಯರಸ್ತೆಗಳು ಸಾಕಷ್ಟು ಅಗಲವಾಗಿವೆ. ಒಳಗಿನ ಅಡ್ಡರಸ್ತೆಗಳು ಮೂವತ್ತು, ನಲವತ್ತು ಅಡಿ. ಬಸವೇಶ್ವರನಗರ, ವಿಜಯನಗರದ ಕಥೆಯೂ ಸರಿಸುಮಾರು ಇದೇ. ಆ ಬಡಾವಣೆಗಳ ಅಂಚಿಗೆ ಸೇರಿಕೊಂಡ ಹಳೆಯ ಹಳ್ಳಿಗಳ ಓಣಿಗಳಲ್ಲಿ ಇಪ್ಪತ್ತು ಅಡಿಯೂ ಇಲ್ಲ. ಇಂಥ ಒಂದು ಮೂವತ್ತಡಿ ರಸ್ತೆಯ ಪಕ್ಕದಲ್ಲಿ ಮರಕ್ಕೆ ನಿಜವಾಗಿ ಎಷ್ಟು ಜಾಗವಿದೆ ಎಂದು ಲೆಕ್ಕ ಹಾಕಿ ನೋಡಿ. ಕಾಲುದಾರಿ ಎನ್ನುವುದು ಬಹುತೇಕ ಕಡೆ ಚರಂಡಿಯ ಮೇಲೆ ಹಾಸಿದ ಚಪ್ಪಡಿ ಕಲ್ಲು. ಆ ಕಲ್ಲಿಗೂ ಡಾಂಬರಿಗೂ ನಡುವೆ ಉಳಿಯುವುದು ಎರಡು ಮೂರು ಅಡಿ ಮಣ್ಣು. ಅದರ ಅಡಿಯಲ್ಲೇ ಕಾವೇರಿ ನೀರಿನ ಪೈಪು, ಒಳಚರಂಡಿ, ಟೆಲಿಫೋನ್ ಕೇಬಲ್, ಈಚೆಗೆ ಅಡುಗೆ ಅನಿಲದ ಕೊಳವೆ. ಇಪ್ಪತ್ತು ಇಪ್ಪತ್ತೈದು ಅಡಿ ಮೇಲೆ ವಿದ್ಯುತ್ ತಂತಿ. ಒಂದು ಕಡೆ ಮನೆಯ ಬಾಲ್ಕನಿ, ಇನ್ನೊಂದು ಕಡೆ ನೀರಿನ ಟ್ಯಾಂಕರು, ಶಾಲಾ ವಾಹನ. ಇಷ್ಟರ ನಡುವೆ ಒಂದು ಮರ ಬಾಳಬೇಕು.

ಮರದ ಬೇರು ಎಂದರೆ ಮಕ್ಕಳು ಬಿಡಿಸುವ ಚಿತ್ರದಲ್ಲಿ ಮರ ಎಷ್ಟು ಎತ್ತರವೋ ಅಷ್ಟೇ ಆಳಕ್ಕೆ ಇಳಿದಿರುತ್ತದೆ. ನಿಜದಲ್ಲಿ ಹಾಗಿಲ್ಲ. ಬೇರುಗಳಿಗೂ ಗಾಳಿ ಬೇಕು. ಗಾಳಿ, ನೀರು ಎರಡೂ ಸಿಗುವುದು ಮೇಲ್ಪದರದಲ್ಲಿ. ಹೀಗಾಗಿ ಹೆಚ್ಚಿನ ಬೇರುಗಳು ಮೇಲಿನ ಎರಡು ಅಡಿ ಮಣ್ಣಿನಲ್ಲೇ, ಕೊಂಬೆಗಳ ಹರವನ್ನೂ ಮೀರಿ ಅಡ್ಡಡ್ಡ ಹಬ್ಬಿರುತ್ತವೆ. ಪೈಪು ಹಾಕುವವರು, ಕೇಬಲ್ ಎಳೆಯುವವರು ಅಗೆಯುವುದೂ ಸರಿಯಾಗಿ ಅಲ್ಲೇ. ಬುಡದಿಂದ ಎರಡಡಿ ದೂರದಲ್ಲಿ ಉದ್ದಕ್ಕೆ ಗುಂಡಿ ತೆಗೆದರೆ ಆ ಬದಿಯ ಬೇರೆಲ್ಲ ಹೋಯಿತೆಂದೇ ಲೆಕ್ಕ. ಮರ ಆಗಲೇ ಬೀಳುವುದಿಲ್ಲ. ಹಸಿರಾಗಿ ನಿಂತೇ ಇರುತ್ತದೆ. ಇತ್ತ ತಂತಿಯ ಕಡೆಗೆ ಚಾಚಿದ ಕೊಂಬೆಗಳನ್ನು ಲೈನ್‌ಮನ್ನರು ಪ್ರತಿ ವರ್ಷ ಕಡಿಯುತ್ತಾರೆ. ಅದು ಅವರ ಕೆಲಸ, ತಪ್ಪೆನ್ನಲಾಗದು. ಆದರೆ ಒಂದೇ ಬದಿ ಕಡಿದು ಕಡಿದು ಮರದ ಭಾರವೆಲ್ಲ ಇನ್ನೊಂದು ಬದಿಗೆ ವಾಲುತ್ತದೆ. ಮೋಟು ಬಿಟ್ಟು ಕಡಿದಲ್ಲಿ ನೀರಿಳಿದು ಕೊಳೆಯುತ್ತದೆ. ಒಂದು ಕಡೆ ಬೇರಿಲ್ಲ, ಇನ್ನೊಂದು ಕಡೆ ಕೊಂಬೆಯಿಲ್ಲ. ಭರಣಿಯೋ ಕೃತ್ತಿಕೆಯೋ ಮಳೆಯ ಮೊದಲ ಬಿರುಗಾಳಿಗೆ ಅದು ಉರುಳಿದಾಗ ಪತ್ರಿಕೆಯಲ್ಲಿ ಬರುವುದು 'ಗಾಳಿಗೆ ಮರ ಬಿತ್ತು' ಎಂದು!

ಎಲ್ಲ ಮರಗಳೂ ಒಂದೇ ರೀತಿ ಬೀಳುವುದಿಲ್ಲ ಎಂಬುದೂ ನಿಜ. ಬೆಂಗಳೂರಿನಲ್ಲಿ ಉರುಳುವ ಮರಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಕಾಣುವ ಹೆಸರುಗಳು ಗುಲ್‌ಮೊಹರ್, ಹಳದಿ ಹೂವಿನ ಪೆಲ್ಟೊಫೋರಮ್, ನೀರುಕಾಯಿ ಮರ, ಆಕಾಶಮಲ್ಲಿಗೆ. ಇವೆಲ್ಲ ಚೆಲುವೆಯರೇ. ಮಡಗಾಸ್ಕರಿನಿಂದ ಬಂದ ಗುಲ್‌ಮೊಹರ್ ಮೇ ತಿಂಗಳಲ್ಲಿ ಕೆಂಪಾಗಿ ನಿಂತರೆ ಅದಕ್ಕೆ ಸಾಟಿಯಿಲ್ಲ. ಆಫ್ರಿಕಾದ ನೀರುಕಾಯಿಯ ಮೊಗ್ಗು ಹಿಂಡಿ ನೀರು ಚಿಮ್ಮಿಸದೆ ಬೆಳೆದ ಮಕ್ಕಳು ಈ ಊರಿನಲ್ಲಿ ಎಷ್ಟು ಮಂದಿ? ಆದರೆ ಬೇಗ ಬೆಳೆಯುವ ಮರದ ಕಟ್ಟಿಗೆ ಹಗುರ, ಬೇಗ ಟೊಳ್ಳಾಗುತ್ತದೆ. ಗುಲ್‌ಮೊಹರಿನ ಬೇರು ಮೇಲೆಮೇಲೆ ಹರಿಯುತ್ತದೆ, ತಲೆ ಮಾತ್ರ ಕೊಡೆಯ ಹಾಗೆ ಅಗಲ. ಅದು ಹೂವು, ಚಿಗುರು ಹೊತ್ತು ಭಾರವಾಗಿರುವ ಕಾಲಕ್ಕೇ ಮುಂಗಾರುಪೂರ್ವದ ಗಾಳಿಯೂ ಬೀಸುತ್ತದೆ. ಕೊಡೆ ತಲೆಕೆಳಗಾಗದೆ ಇನ್ನೇನಾದೀತು? ಉದ್ಯಾನದ ನಡುವೆ, ಕಾಲೇಜು ಮೈದಾನದ ಅಂಚಿನಲ್ಲಿ ಅದು ಇರಲಿ. ಶಾಲೆಯ ಗೇಟಿನ ಎದುರು ಬೇಡ.

ಮರವನ್ನು ಯೋಚಿಸಿ ಆರಿಸುವ ಕೆಲಸ ಈ ಊರಿಗೆ ಹೊಸದೇನಲ್ಲ. ರಾಜಾಜಿನಗರದ ಪಕ್ಕದ ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳಿವೆ. ಮಾರ್ಗೋಸಾ ಎಂದರೆ ಬೇವು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗ್ ನೋಡಿಕೊಂಡ ಜರ್ಮನಿಯ ಜಿ. ಎಚ್. ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಜಾತಿ ಅರಳುವಂತೆ ರಸ್ತೆಮರಗಳನ್ನು ಹೊಂದಿಸಿದರು. ಚಳಿಗಾಲ ಕಳೆಯುತ್ತಿದ್ದಂತೆ ಗುಲಾಬಿ ಬಣ್ಣದ ತಬೂಬಿಯ, ಅದರ ಹಿಂದೆ ನೀಲಿ ಜಕರಂದ, ಯುಗಾದಿಗೆ ಹೊಂಗೆಯ ಚಿಗುರು, ಬೇಸಿಗೆಗೆ ಕಕ್ಕೆ, ಹೊಳೆದಾಸವಾಳ ಎಂದು ಇಂದಿಗೂ ನಗರದ ಕ್ಯಾಲೆಂಡರ್ ತಿರುಗುವುದು ಆ ಯೋಚನೆಯ ಜಾಡಿನಲ್ಲೇ. ಎರಡನೆಯ ದೊಡ್ಡ ಅಲೆ ಬಂದದ್ದು 1982ರಲ್ಲಿ, ಆರ್. ಗುಂಡೂರಾವ್ ಮುಖ್ಯಮಂತ್ರಿಯಾಗಿದ್ದಾಗ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ಮುಂದಾಳತ್ವದಲ್ಲಿ ಐದು ವರ್ಷಗಳಲ್ಲಿ 15 ಲಕ್ಷ ಸಸಿಗಳನ್ನು ನೆಟ್ಟರು. 2021ರಲ್ಲಿ ನಿಧನರಾದ ನೇಗಿನಹಾಳರ ಹೆಸರು ಗೊತ್ತಿಲ್ಲದವರೂ ಇಂದು ಅವರ ಮರಗಳ ನೆರಳಿನಲ್ಲೇ ಬಸ್ಸಿಗೆ ಕಾಯುತ್ತಾರೆ. ಆದರೆ ಆ ಮರಗಳಿಗೆ ಈಗ ನಲವತ್ತು ದಾಟಿದೆ. ಬೀಳುವುದು ಬಿದ್ದಲ್ಲಿ, ಮೆಟ್ರೊಗೋ ರಸ್ತೆ ಅಗಲೀಕರಣಕ್ಕೋ ಕಡಿದಲ್ಲಿ ಮುಂದೆ ಬರುವ ಮರ ಯಾವುದು ಎಂಬುದು ಈಗಿನ ಮಾತು.

ಮೂವತ್ತಡಿ ರಸ್ತೆಗೆ, ಅದರಲ್ಲೂ ತಂತಿ ಹಾದುಹೋಗುವ ಬದಿಗೆ, ಚಿಕ್ಕ ಮರಗಳೇ ಸರಿ. ಕಕ್ಕೆ ಹೆಚ್ಚು ಎತ್ತರಕ್ಕೆ ಹೋಗದು, ಏಪ್ರಿಲ್-ಮೇ ತಿಂಗಳಲ್ಲಿ ಬಂಗಾರದ ಗೊಂಚಲು ತೂಗುತ್ತದೆ. ಬಸವನಪಾದವೂ ಹಾಗೆಯೇ. ಅದರ ಎಲೆ ಎತ್ತಿನ ಗೊರಸಿನಂತೆ ಎರಡಾಗಿ ಸೀಳಿರುವುದನ್ನು ಮಕ್ಕಳು ತಾವೇ ಕಂಡುಹಿಡಿದು ಹಿಗ್ಗುತ್ತಾರೆ. ಬಸವೇಶ್ವರನಗರದ ಬೀದಿಗೆ ಹೆಸರಿನಿಂದಲೇ ಒಪ್ಪುವ ಮರ! ಕರಾವಳಿಯವರು ರೆಂಜೆ ಎನ್ನುವ ಬಕುಳ ನಿಧಾನಿ. ಆದರೆ ವರ್ಷವಿಡೀ ಹಸಿರು, ಗಟ್ಟಿ ಕಟ್ಟಿಗೆ, ಒಣಗಿದರೂ ಪರಿಮಳ ಬಿಡದ ಹೂ. ಹತ್ತು ವರ್ಷ ತಾಳ್ಮೆ ಇದ್ದವರು ಅದನ್ನೇ ಆರಿಸಲಿ.

ನಲವತ್ತಡಿಗೆ ಹೊಂಗೆಯನ್ನು ಮೀರಿಸುವ ಮರ ಕಷ್ಟ. ಇದು ಇಲ್ಲಿಯದೇ ಮರ. ಬರ ತಾಳುತ್ತದೆ, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತದೆ, ಬೀಜದಲ್ಲಿ ಎಣ್ಣೆ, ಹೂವಿನಲ್ಲಿ ಜೇನಿಗೆ ಊಟ. ಬೇಸಿಗೆ ನೆತ್ತಿಗೇರುವ ಹೊತ್ತಿಗೆ ಸರಿಯಾಗಿ ಹೊಸ ಎಲೆ ಹೊದ್ದು ನಿಲ್ಲುತ್ತದೆ. ಹೊಂಗೆಯ ನೆರಳಿಗೆ ತಾಯಿಯ ಮಡಿಲನ್ನು ಹೋಲಿಸಿದ ಹಳ್ಳಿಗರು ಥರ್ಮಾಮೀಟರ್ ಹಿಡಿದವರಲ್ಲ, ಆದರೂ ತಪ್ಪು ಹೇಳಲಿಲ್ಲ. ಎಲೆಯ ಮೇಲೆ ಮೊಡವೆಯಂಥ ಗಂಟುಗಳು ಕಂಡು ರೋಗ ಬಂತೆಂದು ಗಾಬರಿಯಾಗುವವರಿದ್ದಾರೆ. ಅದು ಕಣ್ಣಿಗೆ ಕಾಣದಷ್ಟು ಚಿಕ್ಕ ನುಸಿಯ ಕೆಲಸ, ಮರಕ್ಕೆ ಅಷ್ಟೇನೂ ಹಾನಿಯಿಲ್ಲ. ಹೊಳೆದಾಸವಾಳವೂ ಇದೇ ಅಗಲದ ರಸ್ತೆಗೆ ಹೊಂದುತ್ತದೆ.

ಡಾ. ರಾಜ್‌ಕುಮಾರ್ ರಸ್ತೆ, ಕಾರ್ಡ್ ರಸ್ತೆ, ಮೈಸೂರು ರಸ್ತೆಯಂಥ ಅಗಲದ ಹಾದಿಗಳಲ್ಲಿ, ಕೆಂಗೇರಿ ಉಪನಗರದ ವಿಶಾಲ ಜಾಗಗಳಲ್ಲಿ ಮಾತ್ರ ದೊಡ್ಡವರ ಮಾತು: ಬೇವು, ಹೊಳೆಮತ್ತಿ, ಮಹಾಗನಿ, ಹಿಪ್ಪೆ, ಹುಣಸೆ. ಹುಣಸೆಯಡಿ ಮಲಗಬಾರದೆಂದು ಹಿರಿಯರು ಹೆದರಿಸುತ್ತಿದ್ದರೂ ಗಾಳಿಗೆ ಅದರಷ್ಟು ಗಟ್ಟಿಯಾಗಿ ನಿಲ್ಲುವ ಮರ ಕಡಿಮೆ. ನೇರಳೆಯೂ ಒಳ್ಳೆಯ ಮರವೇ, ಆದರೆ ಜೂನ್-ಜುಲೈಯಲ್ಲಿ ಹಣ್ಣು ಉದುರಿ ರಸ್ತೆ ಜಾರುತ್ತದೆ, ಸ್ಕೂಟರಿನವರು ಬೀಳುತ್ತಾರೆ. ಅದಕ್ಕೆ ಉದ್ಯಾನದ ಒಳಗೆ ಅಥವಾ ಕಾಲುದಾರಿ ಅಗಲವಾಗಿರುವಲ್ಲಿ ಜಾಗ ಕೊಡಬೇಕು. ಮನೆಮಂದಿ ಆಸೆಪಟ್ಟು ಗೇಟಿನ ಹೊರಗೆ ನೆಡುವ ತೆಂಗಿನ ಬಗ್ಗೆ ಹೆಚ್ಚು ಹೇಳುವುದೇ ಬೇಡ. ಕಾಯಿ ಮನೆಯವರಿಗೆ, ತಲೆ ದಾರಿಹೋಕರದು.

ಒಂದು ಬೀದಿಗೆ ಒಂದೇ ಜಾತಿ ಎಂಬುದು ನೋಡಲು ಚೆಂದ, ಆದರೆ ರೋಗ ಬಂದರೆ ಇಡೀ ಸಾಲು ಒಟ್ಟಿಗೆ ಹೋಗುತ್ತದೆ. ಬ್ರಿಟನ್ನಿನಲ್ಲಿ 1970ರ ದಶಕದಲ್ಲಿ ಹಬ್ಬಿದ ಒಂದು ಶಿಲೀಂಧ್ರಕ್ಕೆ ಎರಡು ಕೋಟಿಗೂ ಮಿಕ್ಕಿ ಎಲ್ಮ್ ಮರಗಳು ಬಲಿಯಾದವು. ಮೂರು ನಾಲ್ಕು ಜಾತಿ ಬೆರೆಸಿ ನೆಟ್ಟರೆ ಈ ಭಯ ಕಡಿಮೆ.

ಇನ್ನು ಯಾರೂ ನೆಡದೆ ತಾನಾಗಿ ಬರುವ ಮರ ಒಂದಿದೆ. ದೊಡ್ಡವರ ಪಟ್ಟಿಯಲ್ಲಿ ಇಲ್ಲದ, ಮಕ್ಕಳ ಪಟ್ಟಿಯಲ್ಲಿ ಮೊದಲಿರುವ ಗಸಗಸೆ ಹಣ್ಣಿನ ಮರ. ಹಕ್ಕಿ, ಬಾವಲಿಗಳು ಬೀಜ ತಂದು ಬಿಡುತ್ತವೆ, ಎರಡು ಮೂರು ವರ್ಷಕ್ಕೆಲ್ಲ ನೆರಳು, ಹಣ್ಣು ಎರಡೂ ಸಿದ್ಧ. ಅಮೆರಿಕ ಖಂಡದ ಉಷ್ಣವಲಯದಿಂದ ಬಂದದ್ದು, ಕಟ್ಟಿಗೆ ಮೃದು, ಆಯುಷ್ಯವೂ ಕಡಿಮೆ. ಆದರೂ ಕೆಂಪು ಹಣ್ಣಿಗಾಗಿ ಶಾಲೆಯ ಗೋಡೆ ಹತ್ತುವವರಿಗೆ ಇದನ್ನೆಲ್ಲ ಹೇಳಿ ಪ್ರಯೋಜನವಿಲ್ಲ. ಎಲ್ಲೋ ಒಂದು ಮೂಲೆಯಲ್ಲಿ ಅದು ಬೆಳೆದುಕೊಳ್ಳಲಿ.

ಆರಿಸಿದ್ದು ಸರಿಯಾದರೆ ಅರ್ಧ ಕೆಲಸ ಆದಂತೆ. ಉಳಿದರ್ಧ ಗುಂಡಿಯಲ್ಲಿದೆ. ಬೀದಿ ಸಾರ್ವಜನಿಕ ಜಾಗವಾದ್ದರಿಂದ ಅಗೆಯುವ ಮೊದಲು ನಗರಪಾಲಿಕೆಯ ಅರಣ್ಯ ವಿಭಾಗವನ್ನು ಕೇಳುವುದು ಒಳ್ಳೆಯದು. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದ ಮೇಲೆ ರಾಜಾಜಿನಗರ, ವಿಜಯನಗರದವರು ಹೋಗಬೇಕಾದದ್ದು ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ. ಬೆಳೆದ ಮರ ಕಡಿಯುವುದಾದರಂತೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಅದನ್ನು ತಪ್ಪಿಸಲು ರಾತ್ರೋರಾತ್ರಿ ಬುಡಕ್ಕೆ ಆಸಿಡ್ ಸುರಿಯುವ, ತೊಗಟೆ ಸುತ್ತಲೂ ಸುಲಿಯುವ ಮಹಾನುಭಾವರೂ ಇದ್ದಾರೆ ಎನ್ನುವುದು ಬೇರೆ ಮಾತು.

ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಂಡಿ ಸಿಕ್ಕರೆ ಉತ್ತಮ. ಆಳ ಸಿಗದಿದ್ದರೆ ಅಗಲವಾದರೂ ಇರಲಿ. ಚೀಲದಲ್ಲಿ ಬಹುಕಾಲ ಉಳಿದ ಸಸಿಯ ಬೇರು ಸುರುಳಿ ಸುತ್ತಿಕೊಂಡಿರುತ್ತದೆ. ಚೀಲ ಪೂರ್ತಿ ತೆಗೆದು, ಸುರುಳಿಯನ್ನು ಮೆಲ್ಲಗೆ ಬಿಡಿಸಿಯೇ ನೆಡಬೇಕು. ಇಲ್ಲವಾದರೆ ಬೇರು ಮುಂದೆಯೂ ಅಲ್ಲೇ ಸುತ್ತುತ್ತಾ ದಪ್ಪವಾಗಿ ಬುಡವನ್ನೇ ಬಿಗಿಯುತ್ತದೆ, ಹತ್ತು ವರ್ಷದ ಮರ ಹೂಕುಂಡದ ಗಿಡದಂತೆ ಕಿತ್ತು ಬರುತ್ತದೆ. ಮೊಣಕಾಲೆತ್ತರದ ಸಸಿಯನ್ನು ನೇರ ಬೀದಿಗಿಳಿಸದೆ ಒಂದೆರಡು ವರ್ಷ ಮಹಡಿಯ ಮೇಲೆ ದೊಡ್ಡ ಕುಂಡದಲ್ಲಿ ಸಾಕಿ, ಆಳೆತ್ತರವಾದ ಮೇಲೆ ನೆಟ್ಟರೆ ದನ, ಚೆಂಡು, ಪಾರ್ಕಿಂಗ್ ಮೂರರಿಂದಲೂ ಬದುಕುವ ಸಂಭವ ಹೆಚ್ಚು. ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲವಾದರೂ ಒಂದೊಂದು ಬಕೆಟ್ ನೀರು. ಅಕ್ಕಿ ತೊಳೆದ ನೀರಾದರೂ ನಡೆಯುತ್ತದೆ, ಸೋಪಿನ ನೀರು ಬೇಡ.

ಕಾಲುದಾರಿಗೆ ಕಲ್ಲು ಹಾಸುವವರು ಬಂದ ದಿನ ಮನೆಯವರು ಹೊರಗೆ ನಿಂತು ನೋಡಿಕೊಳ್ಳಬೇಕು. ಕಾಂಕ್ರೀಟನ್ನು ಕಾಂಡದವರೆಗೆ ತಂದು ಮೆತ್ತುವುದು ಅವರ ಅಭ್ಯಾಸ. ಮರದ ಸುತ್ತ ಒಂದು ಮೀಟರ್ ಮಣ್ಣು ತೆರೆದಿರಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯ ಮರಗಳ ಬಗ್ಗೆ ಆದೇಶಿಸಿತ್ತು. ಮೂವತ್ತಡಿ ರಸ್ತೆಯಲ್ಲಿ ಒಂದು ಮೀಟರ್ ಸಿಗಲಾರದು, ಎರಡಡಿಯಾದರೂ ಬಿಡಿಸಿಕೊಳ್ಳಬಹುದು.

ಕೊನೆಯದಾಗಿ ಕಬ್ಬಿಣದ ಕಾವಲು ಪಂಜರದ ವಿಷಯ. ಅದನ್ನು ಹಾಕಿಸುವಾಗ ಇರುವ ಉತ್ಸಾಹ ತೆಗೆಸುವಾಗ ಯಾರಿಗೂ ಇರುವುದಿಲ್ಲ. ಕಾಂಡ ತೋಳಿನಷ್ಟು ದಪ್ಪವಾಗುವ ಹೊತ್ತಿಗೆ, ಅಂದರೆ ನಾಲ್ಕೈದು ವರ್ಷದೊಳಗೆ, ಪಂಜರ ಬಿಚ್ಚಬೇಕು. ಪಶ್ಚಿಮ ಬೆಂಗಳೂರಿನ ಯಾವುದಾದರೂ ಹಳೆಯ ಬೀದಿಯಲ್ಲಿ ನಡೆದರೆ ಪಂಜರದ ಬಳೆಯನ್ನು ಅರ್ಧ ನುಂಗಿಕೊಂಡು ನಿಂತ ಮರ ಒಂದಾದರೂ ಕಣ್ಣಿಗೆ ಬೀಳುತ್ತದೆ. ತೊಗಟೆ ತುಟಿಯಂತೆ ಉಬ್ಬಿ ಕಬ್ಬಿಣದ ಮೇಲೆ ಮುಚ್ಚಿಕೊಂಡಿರುತ್ತದೆ. ಅದರ ಮೇಲೆ ಪ್ರಾಯೋಜಕರ ಹೆಸರಿನ ತಗಡು ಇನ್ನೂ ಓದುವಂತಿರುತ್ತದೆ.